ಕಣ್ಣಿಗಿಂತ ಮೊದಲು ಕಿವಿಗೆ: ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸಲು ಏಳು ಸೂತ್ರಗಳು

ಗೋಡೆಯ ಚಾರ್ಟಿನಲ್ಲಿ ಕಿರೀಟ ತೊಟ್ಟವನ ಚಿತ್ರ ತೋರಿಸಿ 'ಇದ್ಯಾರು ಪುಟ್ಟಿ?' ಎಂದೆ. 'ರಾಜ!' ಎಂದಳು ನಾಲ್ಕು ವರ್ಷದ ಮೊಮ್ಮಗಳು. ಚಿತ್ರದ ಪಕ್ಕದಲ್ಲಿದ್ದದ್ದು 'ಅ'. ತಪ್ಪು ಅವಳದ್ದಲ್ಲ. 'ಅರಸ' ಅವಳ ಬಾಯಲ್ಲಿ ಇಲ್ಲದ ಪದ. 49 ಅಕ್ಷರಗಳನ್ನು ಗಿಳಿಯಂತೆ ಒಪ್ಪಿಸುವ ಮಗುವೂ ಪದದ ಮೊದಲ ಧ್ವನಿಯನ್ನು ಕಿವಿಯಲ್ಲಿ ಹಿಡಿಯಲಾರದಿದ್ದರೆ ಓದುವಾಗ ತಡವರಿಸುತ್ತದೆ. ಮೂವತ್ತು ವರ್ಷ ಒಂದನೇ ತರಗತಿಗೆ ಪಾಠ ಹೇಳಿದ ಮೇಲೆ ಇದನ್ನು ಗಟ್ಟಿಯಾಗಿ ನಂಬಿದ್ದೇನೆ.

1. ಮಗುವಿನ ಬಾಯಲ್ಲಿರುವ ಪದವನ್ನೇ ಹಿಡಿಯಿರಿ. 'ಅ'ಗೆ ಅಮ್ಮ, ಅಕ್ಕಿ, ಅಳಿಲು ಸಾಕು. 'ಈ'ಗೆ ಈಶನಿಗಿಂತ ಈರುಳ್ಳಿ ವಾಸಿ. ಧಾರವಾಡದ ಕಡೆ ಅದು ಉಳ್ಳಾಗಡ್ಡಿ, ಅಲ್ಲಿ 'ಉ' ಕಲಿಸಲು ಬಳಸಿ. ತುಳು ಮನೆಮಾತಿನ ಮಗು ಮನೆಯ ಚಿತ್ರ ನೋಡಿ 'ಇಲ್ಲ್' ಎಂದರೆ ತಿದ್ದಬೇಡಿ. 'ಇ' ಸಿಕ್ಕಿತಲ್ಲ!

2. ಬರೆಸುವ ಮೊದಲು ಆಡಿಸಿ. ಬಟಾಣಿ ಬಿಡಿಸುತ್ತಾ ಕೂತಾಗ 'ಬಳೆ, ಬಸ್ಸು, ಮರ... ಇದರಲ್ಲಿ ಬೇರೆ ಯಾವುದು?' ಎಂದು ಕೇಳಿ. ಪುಸ್ತಕ ಬೇಡ, ಸ್ಲೇಟೂ ಬೇಡ.

3. 'ಕ' ಬರೆದು ಕಿವಿಯ ಚಿತ್ರ ತೋರಿಸಬೇಡಿ. ಮಗುವಿಗೆ ಕೇಳಿಸುವುದು 'ಕಿ', ಕಾಣುವುದು 'ಕ'. ಮೊದಮೊದಲು ಕಮಲ, ಮರ, ಜಡೆ, ವಡೆಯಂಥ ಪದಗಳಿರಲಿ. ಕಿವಿ, ಮೀನು, ಜೇನು ಇವೆಲ್ಲ ಕಾಗುಣಿತ ಶುರುವಾದ ಮೇಲೆ ಬರಲಿ.

4. ವರ್ಣಮಾಲೆಯ ಕ್ರಮಕ್ಕೆ ಅಂಟಿಕೊಳ್ಳಬೇಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭ, ಜೊತೆಗೆ ಐದೇ ಅಕ್ಷರಕ್ಕೆ ಸರ, ದರ, ಅಗಸ, ಗರಗಸ ಎಲ್ಲ ಓದಬಹುದು. 'ನನಗೆ ಓದೋಕೆ ಬಂತು' ಎಂಬ ಹಿಗ್ಗು ಮಗುವಿಗೆ ಬೇಗ ಸಿಗಬೇಕು. ನೋಟಕ್ಕೆ ಹತ್ತಿರವಿರುವ ವ-ಮ, ದ-ಧ, ರ-ಠ, ಪ-ಷಗಳನ್ನು ಮಾತ್ರ ಒಂದೇ ದಿನ ಕೊಡಬೇಡಿ.

5. 'ಆಲು' ಎಂದ ಮಗುವನ್ನು ನೋಡಿ ನಗಬೇಡಿ. ಮಂಡ್ಯ, ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಾಲು 'ಆಲು', ಹಸು 'ಅಸ'. ಅದು ಅವರ ಅವ್ವನ ಮಾತು, ಕೊರತೆಯಲ್ಲ. ಪಕ್ಕದವರು ನಕ್ಕರೆಂದು ವಾರಗಟ್ಟಲೆ ಬಾಯೇ ಬಿಡದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಒಂದು ದಿನ ಅವನ ಅಂಗೈಯನ್ನು ಅವನ ಬಾಯಿಯ ಮುಂದೆಯೇ ಹಿಡಿಸಿ 'ಅ' ಅನ್ನಿಸಿದೆ, ಆಮೇಲೆ 'ಹ'. 'ಬಿಸಿ ಗಾಳಿ ಬಂತು ಟೀಚರ್' ಎಂದ. ಅಲ್ಲಿಂದ ಅಕ್ಕಿ–ಹಕ್ಕಿ, ಅಲ್ಲಿ–ಹಲ್ಲಿ ಎಂದು ಆಡುತ್ತಾ ಹೋದೆವು. ಮನೆಯಲ್ಲಿ 'ಆಲು' ಕುಡಿಯಲಿ, ಪುಸ್ತಕದಲ್ಲಿ 'ಹಾಲು' ಓದಲಿ. ಎರಡಕ್ಕೂ ಅವನ ನಾಲಿಗೆಯಲ್ಲಿ ಜಾಗವಿದೆ.

6. 'ಣ', 'ಳ'ಗಳನ್ನು ಪದದ ಮೊದಲಲ್ಲಿ ಹುಡುಕಬೇಡಿ. ಕನ್ನಡದ ಪದಗಳು ಅವುಗಳಿಂದ ಶುರುವಾಗುವುದಿಲ್ಲ. ಹಣ, ಬಾಣ, ಬಳೆ, ಕೊಳ ಎಂದು ಹೇಳಿಸಿ 'ಎಲ್ಲಿ ಅಡಗಿದೆ?' ಎಂದು ಕೇಳಿ. ಙ, ಞ ಕಾಯಲಿ, ಅವಸರವಿಲ್ಲ.

7. ಅಕ್ಕಿ ತಟ್ಟೆಯನ್ನು ಎತ್ತಿಡಬೇಡಿ. ವಿಜಯದಶಮಿಯಂದು ಅಕ್ಷರಾಭ್ಯಾಸ ಮಾಡಿಸಿ ಮರುದಿನವೇ ಪೆನ್ಸಿಲ್ ಹಿಡಿಸಿದರೆ ಎಳೆ ಬೆರಳು ನೋಯುತ್ತದೆ. ದಿನಕ್ಕೆ ಹತ್ತು ನಿಮಿಷ ಅಕ್ಕಿಯಲ್ಲೋ ಮರಳಲ್ಲೋ ತೋರುಬೆರಳಿಂದ ತಿದ್ದಲಿ. ಬೆರಳು ಓಡುವಾಗ ಬಾಯಿ ಆ ಧ್ವನಿಯನ್ನು ಹೇಳುತ್ತಿರಲಿ.

ಮೊನ್ನೆ ಪುಟ್ಟಿ ಅಕ್ಕಿಯಲ್ಲಿ ಅ, ರ, ಸ ಬರೆದು, ಒಂದೊಂದಾಗಿ ಓದಿ, ಕೂಡಿಸಿ 'ಅರಸ' ಎಂದಳು. 'ಅರಸ ಅಂದ್ರೆ ರಾಜ ಕಣೇ' ಎಂದೆ. ತಟ್ಟನೆ ಚಾರ್ಟಿನ ಕಡೆ ತಿರುಗಿ, ಕಣ್ಣರಳಿಸಿ ಕೇಳಿದಳು: 'ಅಜ್ಜಿ, ಅವನಿಗೆ ಎರಡು ಹೆಸರಾ?'