ಮರದ ಚೌಕಟ್ಟಿನ ಗೋಡೆಯೂ ಅದರ ಬುಡದ ಬಂಧವೂ

ಕುಲಗೋಡವೇ ಮೊದಲಾದ ಗೋಕಾಕ-ಮೂಡಲಗಿ ಸೀಮೆಯ ಹಳ್ಳಿಗಳಲ್ಲಿ ಹಳೆಯ ಮಾಳಿಗೆಮನೆಯನ್ನು ಹೊಕ್ಕವರಿಗೆ ಮೊದಲು ಕಾಣುವುದು ಮರದ ಕಂಬಗಳ ಸಾಲು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಹಾಸು. ಕಂಬದ ಬುಡವಾದರೋ ಅನೇಕ ಕಡೆಗಳಲ್ಲಿ ಕಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ‘ಸ್ತಂಭ’ ಶಬ್ದದ ಧಾತುವಿಗೆ ಅಲುಗದಂತೆ ನಿಲ್ಲಿಸುವುದೆಂಬ ಅರ್ಥವುಂಟು. ಆದರೆ ಕಂಬವನ್ನು ಇಲ್ಲಿ ನಿಲ್ಲಿಸಿರುವುದು ಮೇಲಿನ ಭಾರವೇ ಹೊರತು ಬುಡದ ಬಂಧವಲ್ಲ.

ಭಾರವು ನೆಟ್ಟಗೆ ಕೆಳಗಿಳಿಯುವವರೆಗೆ ಇದರಿಂದ ಬಾಧಕವಿಲ್ಲ. ಬಿರುಗಾಳಿಯಾಗಲಿ ಭೂಕಂಪವಾಗಲಿ ಅಡ್ಡಲಾಗಿ ನೂಕಿದಾಗ ಮಾತು ಬೇರೆ. ಅಡಿಪಟ್ಟಿ, ಮೇಲ್ಪಟ್ಟಿ, ನಡುವೆ ನಿಲುಗಂಬಗಳು, ಅವುಗಳಿಗೆ ಮೊಳೆ ಹೊಡೆದ ಹಲಗೆ—ಇಂತಹ ಗೋಡೆಯೊಂದನ್ನು ಭಾವಿಸಿರಿ. ಎತ್ತರ 8 ಅಡಿ, ಅಗಲ 4 ಅಡಿ. ಅದರ ನೆತ್ತಿಯನ್ನು 100 ಕಿಲೋ ಬಲದಿಂದ ಪಕ್ಕಕ್ಕೆ ನೂಕಿದರೆ, ನೂಕಿದ ಕಡೆಯ ಬುಡವು 200 ಕಿಲೋ ಬಲದಿಂದ ಮೇಲೇಳಲು ಹವಣಿಸುತ್ತದೆ. ಏಕೆಂದರೆ ಎತ್ತರವು ಅಗಲಕ್ಕೆ ಎರಡು ಪಟ್ಟು. ಜೊತೆಗೆ ಗೋಡೆಯು ಇಡಿಯಾಗಿ ಜಾರಲೂ ನೋಡುತ್ತದೆ. ಜಾರುವುದನ್ನು ತಡೆಯಲು ಅಡಿಪಟ್ಟಿಯ ಬೋಲ್ಟು ಸಾಕು. ಮೇಲೇಳುವುದನ್ನು ತಡೆಯಲು ಕೊನೆಯ ಕಂಬವನ್ನೇ ಅಡಿಪಾಯಕ್ಕೆ ಬಿಗಿಯುವ ಕಬ್ಬಿಣದ ಹಿಡಿತ ಬೇಕು.

ಈ ಎರಡನೆಯದನ್ನು ಕಟ್ಟುವವರು ಮರೆಯುವುದೇ ಹೆಚ್ಚು. ಆಗ ಎಳೆತವೆಲ್ಲ ಹಲಗೆಯ ಕೆಳಸಾಲಿನ ಕೆಲವೇ ಮೊಳೆಗಳ ಮೇಲೆ ಬೀಳುತ್ತದೆ. ಮೊಳೆಗಳು ಕಿತ್ತುಬರುತ್ತವೆ, ಇಲ್ಲವೇ ಅಡಿಪಟ್ಟಿ ನಾರಿನ ಉದ್ದಕ್ಕೆ ಸೀಳುತ್ತದೆ. ಉಳಿದ ಹಲಗೆ ತನ್ನ ಶಕ್ತಿಯನ್ನು ತೋರುವ ಮೊದಲೇ ಗೋಡೆ ಸೋಲುತ್ತದೆ. ಕೊನೆಯ ಕಂಬ ಬಿಗಿಯಾಗಿದ್ದರೆ ಹಲಗೆಯ ಸುತ್ತಲಿನ ಮೊಳೆಗಳೆಲ್ಲ ಪಾಲು ಹೊತ್ತು ಮೆಲ್ಲಮೆಲ್ಲನೆ ಬಾಗುತ್ತವೆ; ನಡುಕದ ಆವೇಗ ಆ ಬಾಗುವಿಕೆಯಲ್ಲಿ ಕರಗುತ್ತದೆ. ಹಲಗೆ ಅದೇ, ಮೊಳೆ ಅದೇ, ಬಲ ಮಾತ್ರ ಬೇರೆ.

ಮೇಲಿನ ಭಾರವೇ ಹಿಡಿತವಾಗದೇ ಎಂದು ಕೇಳಬಹುದು. ಆಗುತ್ತದೆ. ಮೇಲಿನ ಲೆಕ್ಕದ ಗೋಡೆಯ ಮೇಲೆ ಸಮನಾಗಿ ಹರಡಿದ 400 ಕಿಲೋ ಭಾರವಿದ್ದರೆ ಬುಡ ಏಳದು. ಒಂದು ಅಡಿ ದಪ್ಪದ ಮಣ್ಣಿನ ಮಾಳಿಗೆ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುವುದರಿಂದ ಹಿರಿಯರ ಮನೆಗಳು ಗಾಳಿಗೆ ಅಲುಗಲಿಲ್ಲ. ಆದರೆ ಭೂಕಂಪದಲ್ಲಿ ಅಡ್ಡಬಲವು ತೂಕದೊಡನೆಯೇ ಬೆಳೆಯುತ್ತದೆ; ಕಾಯುವ ಭಾರವೇ ಕೆಡಹುವ ಭಾರವೂ ಆಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರಿನ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿ ಸೀಮೆ ನಡುಗಿದಾಗ ಇಂತಹ ಮಣ್ಣಿನ ಮಾಳಿಗೆಯ ಮನೆಗಳೇ ಸಾವಿರಾರು ಜನರ ಸಮಾಧಿಯಾದವು. ಅಲ್ಲಿಯೂ ಕೆಲವು ಮನೆಗಳಲ್ಲಿ ದಪ್ಪ ಕಲ್ಲುಗೋಡೆಗಳು ಉರುಳಿದರೂ ಮರದ ಕಂಬ-ತೊಲೆಗಳು ನಿಂತಿದ್ದವು. ಗೋಡೆಗೂ ಚೌಕಟ್ಟಿಗೂ ಕಟ್ಟೇ ಇರಲಿಲ್ಲ.

2002ರ ಭಾರತೀಯ ಮಾನಕದ ನಕ್ಷೆ ಬೆಳಗಾವಿಯನ್ನು ಮೂರನೆಯ ಭೂಕಂಪ ವಲಯದಲ್ಲಿರಿಸಿತು. ಹಳೆಯ ಮಾಳಿಗೆಯ ಮಣ್ಣನ್ನು ಇಳಿಸಿ ತಗಡು ಹೊದಿಸುವವರು ಇದನ್ನು ಗಮನಿಸಬೇಕು. ತಗಡು ಚದರ ಮೀಟರಿಗೆ ನಾಲ್ಕೈದು ಕಿಲೋ ಮಾತ್ರ. ಭೂಕಂಪದ ಬಲವೇನೋ ಇಳಿಯಿತು. ಆದರೆ ಕಂಬವನ್ನು ಅದುಮಿ ಹಿಡಿದಿದ್ದ ಭಾರವೂ ಹೋಯಿತು, ಗಾಳಿ ತಗಡನ್ನು ಮೇಲಕ್ಕೆತ್ತುತ್ತದೆ. ಇಂತಹಲ್ಲಿ ಕಂಬದ ಬುಡಕ್ಕೆ ಕಬ್ಬಿಣದ ಪಟ್ಟಿ ತೊಡಿಸಿ, ಅದನ್ನು ಅಡಿಪಾಯದ ಕಾಂಕ್ರೀಟಿನಲ್ಲಿ ಹುಗಿದ ಬೋಲ್ಟಿಗೆ ಬಿಗಿಯಬೇಕು. ಕಂಬದ ಬುಡದ ನಾರಿನ ಉದ್ದಕ್ಕೆ ಹೊಡೆದ ಮೊಳೆಯನ್ನು ನಂಬಲಾಗದು. ಎಳೆತಕ್ಕೆ ಅದು ಸುಲಭವಾಗಿ ಕಿತ್ತುಬರುತ್ತದೆ. ಮೊದಲು ಬುಡವನ್ನು ಕುಟ್ಟಿ ನೋಡಬೇಕು. ಗೆದ್ದಲು ತಿಂದ ಮರದಲ್ಲಿ ಯಾವ ಬೋಲ್ಟೂ ನಿಲ್ಲದು.