ಮೇಲೆ ಮೀನಿನ ತೊಟ್ಟಿ, ಕೆಳಗೆ ಅತ್ತೆಯ ಮಂಚ

ಪ್ರಶ್ನೆ: ನಮ್ಮದು ಹನ್ನೆರಡು ವರ್ಷದ ಹಿಂದೆ ಕಟ್ಟಿಸಿದ ಆರ್‌ಸಿಸಿ ಮನೆ. ಕೆಳಗೆ ಅತ್ತೆ ಇರುತ್ತಾರೆ, ಮೇಲೆ ನಾವು. ಮಾವ ಹೋದ ವರ್ಷ ತೀರಿಕೊಂಡರು. ಮಗ ಸಣ್ಣವನಿದ್ದಾಗಿನಿಂದ ಅವನನ್ನು ಕೆಲಗೇರಿ ಕೆರೆಗೆ ಕರೆದುಕೊಂಡು ಹೋಗಿ ಮೀನು ತೋರಿಸುತ್ತಿದ್ದವರು ಅವರೇ. ಈಗ ನನ್ನವರು ಪರಿಚಯದವರ ಹತ್ತಿರ ನಾಲ್ಕು ಅಡಿ ಉದ್ದದ ಹಳೆಯ ಅಕ್ವೇರಿಯಂ ಕೊಂಡು ತಂದು ನಮ್ಮ ಹಾಲ್‌ನಲ್ಲಿ ಇಟ್ಟಿದ್ದಾರೆ. ನೀರು ತುಂಬಿದರೆ ಐನೂರು ಕೆಜಿ ಆಗುತ್ತದಂತೆ. ಅದರ ನೇರ ಕೆಳಗೆ ಅತ್ತೆಯ ಮಂಚವಿದೆ. ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಧಾರವಾಡದಲ್ಲಿ ಆ ಕಟ್ಟಡ ಬಿದ್ದಿತಲ್ಲ, ನನ್ನ ತವರುಮನೆ ಅಲ್ಲಿಗೆ ಹತ್ತಿರ. ನನ್ನವರು ‘ಏನೂ ಆಗೂದಿಲ್ಲ, ಸುಮ್ಮನ ಅಂಜತಿ’ ಎನ್ನುತ್ತಾರೆ. ನಾನು ಹಟ ಹಿಡಿದು ನೀರು ಹಾಕಲು ಬಿಟ್ಟಿಲ್ಲ. ಒಂದೂವರೆ ತಿಂಗಳಿನಿಂದ ತೊಟ್ಟಿ ಖಾಲಿ ನಿಂತಿದೆ. ಮಗ ಪ್ರತಿ ಭಾನುವಾರ ಅದರ ಗಾಜು ಒರೆಸುತ್ತಾನೆ, ನನ್ನ ಜೊತೆ ಮಾತಾಡುವುದಿಲ್ಲ. ನನ್ನ ತಲೆಯೇ ಕೆಟ್ಟಿದೆಯೇ?
– ಹೆಸರು ಬೇಡ, ಧಾರವಾಡ

ಉತ್ತರ: ನಿಮ್ಮ ತಲೆ ಕೆಟ್ಟಿಲ್ಲ ಸಹೋದರಿ. ಕೆಳಗೆ ಮಲಗಿದವರ ಬಗ್ಗೆ ಚಿಂತೆ ಮಾಡುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ನಿಮ್ಮ ಮನೆಯಲ್ಲಿ ಆ ಚಿಂತೆ ನಿಮ್ಮೊಬ್ಬರ ಪಾಲಿಗೆ ಬಂದಿದೆ, ಅದಕ್ಕೇ ಇಷ್ಟು ಭಾರವಾಗಿದೆ.

2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದದ್ದನ್ನು ಧಾರವಾಡದವರು ಹೇಗೆ ಮರೆತಾರು? ಅವಶೇಷಗಳ ಅಡಿಯಿಂದ ಜನರನ್ನು ಹೊರತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ತವರಿನ ಪಕ್ಕದಲ್ಲೇ ಅದನ್ನು ಕಂಡವರಿಗೆ ಮನೆಯ ಚಾವಣಿ ಎಂದರೆ ಬರೀ ಚಾವಣಿಯಾಗಿ ಉಳಿಯುವುದಿಲ್ಲ. ‘ಸುಮ್ಮನ ಅಂಜತಿ’ ಎನ್ನುವ ಮಾತು ನಿಮಗೆ ನೋವು ಕೊಟ್ಟಿದ್ದರೆ ಅದು ಸಹಜ. ಆದರೆ ಆ ದುರಂತ ಒಂದು, ನಿಮ್ಮ ಹಾಲ್‌ನಲ್ಲಿರುವ ತೊಟ್ಟಿ ಇನ್ನೊಂದು. ಎರಡೂ ನಿಮ್ಮ ಮನಸ್ಸಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮೊದಲನೆಯದು ಆಗಿಹೋದದ್ದು. ಎರಡನೆಯದನ್ನು ಅಳೆಯಬಹುದು, ತೂಗಬಹುದು, ಬೇಕಾದರೆ ಜಾಗ ಬದಲಿಸಬಹುದು.

ಹಾಗಾದರೆ ತೂಗಿಯೇ ನೋಡೋಣ. ನಾನು ಎಂಜಿನಿಯರ್ ಅಲ್ಲ. ಪರಿಚಯದ ಸ್ಟ್ರಕ್ಚರಲ್ ಎಂಜಿನಿಯರೊಬ್ಬರನ್ನು ಕೇಳಿ ತಿಳಿದುಕೊಂಡು ಬರೆಯುತ್ತಿದ್ದೇನೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 300 ಲೀಟರ್ ನೀರು ನಿಲ್ಲುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಗಾಜು 70 ಕೆಜಿಯ ಆಸುಪಾಸು, ತಳದ ಕಲ್ಲು ಮರಳು 45, ಸ್ಟ್ಯಾಂಡು ಇನ್ನೊಂದು 40. ಒಟ್ಟು 450ರಿಂದ 475 ಕೆಜಿ. ನೀವು ಕೇಳಿದ ಐನೂರು ಉತ್ಪ್ರೇಕ್ಷೆಯಲ್ಲ. 25 ಕೆಜಿಯ ಅಕ್ಕಿ ಚೀಲಗಳನ್ನು ನೆನೆಸಿಕೊಳ್ಳಿ. ಹೆಚ್ಚುಕಡಿಮೆ ಹತ್ತೊಂಬತ್ತು ಚೀಲ, ಆರು ಚದರಡಿ ಜಾಗದಲ್ಲಿ, ಒಂದರ ಮೇಲೊಂದು. ಅವು ವರ್ಷಗಟ್ಟಲೆ ಅಲ್ಲೇ ಇರುತ್ತವೆ.

ಇನ್ನು ನೆಲದ ಕಡೆ ನೋಡೋಣ. ನಮ್ಮ ದೇಶದಲ್ಲಿ ವಾಸದ ಕೋಣೆಯ ನೆಲಕ್ಕೆ ಎಂಜಿನಿಯರುಗಳು ಹಿಡಿಯುವ ಬಳಕೆಯ ಭಾರ ಪ್ರತಿ ಚದರ ಮೀಟರಿಗೆ ಸುಮಾರು 200 ಕೆಜಿ. ಐಎಸ್ 875 ಎಂಬ ಸಂಹಿತೆಯಲ್ಲಿರುವ ಲೆಕ್ಕ ಇದು. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಹಾಲ್ ಎಂದುಕೊಂಡರೆ ಒಟ್ಟು ಮೂರು ಸಾವಿರ ಕೆಜಿ ದಾಟುತ್ತದೆ. ನಿಮ್ಮವರು ‘ಏನೂ ಆಗೂದಿಲ್ಲ’ ಎನ್ನುವಾಗ ಅವರ ಮನಸ್ಸಿನಲ್ಲಿ ಇಂಥದ್ದೇ ಒಂದು ಅಂದಾಜು ಇದ್ದೀತು, ಅದರಲ್ಲಿ ಹುರುಳಿದೆ. ಆದರೆ ಈ 200 ಕೆಜಿ ಇಡೀ ನೆಲದ ಮೇಲೆ ಸಮನಾಗಿ ಹರಡಿದ ಭಾರದ ಲೆಕ್ಕ. ತೊಟ್ಟಿ ತಾನು ನಿಂತ ಜಾಗದಲ್ಲಿ ಅದರ ನಾಲ್ಕು ಪಟ್ಟು ಒತ್ತುತ್ತದೆ. ನಿಮ್ಮ ಅಂಜಿಕೆಯಲ್ಲೂ ಹುರುಳಿದೆ. ಇಬ್ಬರೂ ಅರ್ಧರ್ಧ ಸರಿ ಇದ್ದೀರಿ. ಒಂದೂವರೆ ತಿಂಗಳು ಜಗಳವಾಡಿದ್ದು ‘ಇಡಬೇಕೋ ಬೇಡವೋ’ ಎಂದು. ಕೇಳಬೇಕಾಗಿದ್ದ ಪ್ರಶ್ನೆ ‘ಎಲ್ಲಿ ಇಡಬೇಕು’ ಎನ್ನುವುದು.

ಎರಡು ಇಟ್ಟಿಗೆಗಳ ಮೇಲೆ ಒಂದು ಹಲಗೆ ಇಟ್ಟು ನೋಡಿ. ನಡುವೆ ಕಾಲಿಟ್ಟರೆ ಬಾಗುತ್ತದೆ, ಇಟ್ಟಿಗೆಯ ಪಕ್ಕದಲ್ಲಿ ಕಾಲಿಟ್ಟರೆ ಅಲುಗುವುದಿಲ್ಲ. ಮನೆಯ ಮೋಲ್ಡೂ ಹೀಗೆಯೇ. ಕೋಣೆಯ ನಟ್ಟನಡುವೆ ಭಾರ ಬೇಡ. ಕೆಳಗಿನಿಂದ ಬೀಮ್ ಅಥವಾ ಭಾರ ಹೊರುವ ಗೋಡೆ ಬಂದಿರುವ ಅಂಚಿನಲ್ಲಿ, ಪಿಲ್ಲರ್ ಇರುವ ಮೂಲೆಗೆ ಹತ್ತಿರ, ಗೋಡೆಗೆ ಉದ್ದಕ್ಕೆ ಇಟ್ಟರೆ ಭಾರ ಬೇಗ ಬೀಮಿಗೆ ಇಳಿಯುತ್ತದೆ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ: ಗೋಡೆ ಇದ್ದಲ್ಲೆಲ್ಲ ಆಸರೆ ಇರುವುದಿಲ್ಲ. ಕೋಣೆ ಬೇರೆ ಮಾಡಲು ಮೋಲ್ಡಿನ ಮೇಲೆಯೇ ಎಬ್ಬಿಸಿದ ಅರ್ಧ ಇಟ್ಟಿಗೆಯ ಗೋಡೆ ಆಸರೆ ಕೊಡುವುದಿಲ್ಲ, ತಾನೇ ಒಂದು ಹೊರೆ. ಹೊರಗೆ ಚಾಚಿದ ಬಾಲ್ಕನಿಯಲ್ಲಂತೂ ಇಂಥ ತೊಟ್ಟಿ ಇಡಲೇಬಾರದು.

ಇದನ್ನು ತಿಳಿಯಲು ನೀವು ಹೋಗಬೇಕಾದದ್ದು ಕೆಳಕ್ಕೆ, ಅತ್ತೆಯ ಕೋಣೆಗೆ. ಅವರ ಮಂಚದ ಪಕ್ಕ ನಿಂತು ತಲೆ ಎತ್ತಿ ನೋಡಿ. ಬೀಮ್ ಎಲ್ಲಿ ಇಳಿಬಿದ್ದಿದೆ? ಮೇಲಿನ ಗೋಡೆಯ ಕೆಳಗೆ ಇಲ್ಲೂ ಗೋಡೆ ಇದೆಯೇ? ಎಲ್ಲಾದರೂ ಬಿರುಕು, ಉದುರಿದ ಗಾರೆ, ತುಕ್ಕಿನ ಕಂದು ಕಲೆ, ಮಳೆಗಾಲದ ತೇವ ಕಾಣುತ್ತದೆಯೇ? ತುಕ್ಕಿನ ಕಲೆ ಕಂಡರೆ ಒಳಗಿನ ಸರಳಿಗೆ ನೀರು ತಾಗಿದೆ ಎಂದರ್ಥ. ಆಗ ತೊಟ್ಟಿಯ ಮಾತು ಆಮೇಲಿನದು, ಮೊದಲು ಚಾವಣಿಗೆ ಚಿಕಿತ್ಸೆ ಆಗಬೇಕು.

ನೀವು ನೋಡಿದ್ದು ಸಾಲದು. ಮನೆಯ ನಕ್ಷೆ ಇದ್ದರೆ ಹುಡುಕಿಟ್ಟುಕೊಂಡು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಒಮ್ಮೆ ಮನೆಗೆ ಕರೆಸಿ. ಮನೆ ಕಟ್ಟಿದ ಮೇಸ್ತ್ರಿಯನ್ನೂ ಕೇಳಿ, ಸರಳು ಎಲ್ಲಿ ಹೇಗೆ ಹಾಕಿದೆ ಎಂಬ ನೆನಪು ಅವರಿಗಿರಬಹುದು. ಆದರೆ ಕೊನೆಯ ಮಾತು ಎಂಜಿನಿಯರದ್ದೇ ಆಗಿರಲಿ. ಅವರು ಬರುವ ದಿನ ಗಂಡ, ಮಗ, ಅತ್ತೆ ಎಲ್ಲರೂ ಮನೆಯಲ್ಲಿರಲಿ. ನಿಮ್ಮ ಸಂದೇಹ ನೀವೇ ಕೇಳಿ, ಉತ್ತರ ಎಲ್ಲರೂ ಕೇಳಿಸಿಕೊಳ್ಳಲಿ. ‘ಆಗುತ್ತದೆ’ ಎಂದರೆ ನೀವು ಒಪ್ಪಬೇಕು, ‘ಬೇಡ’ ಎಂದರೆ ನಿಮ್ಮವರು ಒಪ್ಪಬೇಕು. ಈ ಮಾತು ಎಂಜಿನಿಯರ್ ಬರುವ ಮುಂಚೆಯೇ ಆಗಿಬಿಡಲಿ.

ಈ ಅಂಕಣ ಓದುವ ಬೇರೆಯವರಿಗೂ ಒಂದು ಮಾತು. ಮಣ್ಣಿನ ಮಾಳಿಗೆ, ಮರದ ತೊಲೆಯ ಮಹಡಿ, ಕಲ್ಲುಚಪ್ಪಡಿಯ ಚಾವಣಿ ಇರುವ ಹಳೆಯ ಮನೆಗಳಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಅಲ್ಲಿ ದೊಡ್ಡ ತೊಟ್ಟಿ ನೆಲಮಹಡಿಯಲ್ಲೇ ಇರಲಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ, ಅಪಾರ್ಟ್‌ಮೆಂಟಾದರೆ ಸಂಘದವರಿಗೆ ಮೊದಲೇ ತಿಳಿಸಿ.

ನಿಜ ಹೇಳಬೇಕೆಂದರೆ, ಗಟ್ಟಿಮುಟ್ಟಾದ ಮನೆಯಲ್ಲಿ ಚಾವಣಿಗಿಂತ ಮೊದಲು ತೊಂದರೆ ಕೊಡುವುದು ತೊಟ್ಟಿಯ ನೀರು. ನಿಮ್ಮದು ಹಳೆಯ ತೊಟ್ಟಿ. ಗಾಜಿನ ಸಂದಿಯ ಸಿಲಿಕೋನ್ ಒಣಗಿ ಬಿಟ್ಟುಕೊಂಡರೆ ಇಪ್ಪತ್ತು ಕೊಡಪಾನ ನೀರು ನೆಲಕ್ಕೆ ಬರುತ್ತದೆ. ಆದ್ದರಿಂದ ತೊಟ್ಟಿಯನ್ನು ಒಮ್ಮೆ ಕೆಳಗಿಳಿಸಿ, ಅಂಗಳದಲ್ಲಿ ಸಮತಟ್ಟಾದ ಕಡೆ ಥರ್ಮೋಕೋಲ್ ಹಾಳೆಯ ಮೇಲೆ ಇಟ್ಟು, ಸುತ್ತ ಹಳೆಯ ಪೇಪರ್ ಹಾಸಿ ನೀರು ತುಂಬಿ. ಮೂರು ನಾಲ್ಕು ದಿನ ಬಿಟ್ಟು ನೋಡಿ. ಪೇಪರ್ ಎಲ್ಲಿ ನೆನೆದಿದೆಯೋ ಅಲ್ಲಿ ಸೋರಿಕೆ. ಈ ಕೆಲಸವನ್ನು ಮಗನಿಗೇ ವಹಿಸಿ. ಬೆಳಿಗ್ಗೆ ಸಂಜೆ ಪೇಪರ್ ಮುಟ್ಟಿ ನೋಡಿ ಬಂದು ಹೇಳುವುದು ಅವನ ಜವಾಬ್ದಾರಿಯಾಗಲಿ. ನಿಮ್ಮ ಭಯ ಅವನ ಕೈಗೊಂದು ಕೆಲಸವಾಗಿ ಬಂದಾಗ, ಅಮ್ಮ ಅಡ್ಡಿ ಮಾಡುತ್ತಿಲ್ಲ, ಜೊತೆಗಿದ್ದಾಳೆ ಎಂದು ಅವನಿಗೆ ಹೇಳದೆಯೇ ತಿಳಿಯುತ್ತದೆ.

ಕೊನೆಗೆ ಮೇಲೆ ಇಡುವುದೆಂದಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಪ್ಲೈವುಡ್ ಇರಲಿ. ರಸಮಟ್ಟ ಇಟ್ಟು ನಾಲ್ಕೂ ಕಡೆ ಸಮ ಇದೆಯೇ ನೋಡಿ, ವಾಲಿದ ತೊಟ್ಟಿಯ ಗಾಜು ಒಂದೇ ಮೂಲೆಯಲ್ಲಿ ಒತ್ತಡ ತಿನ್ನುತ್ತದೆ. ಮೊದಲು ಅರ್ಧ ತುಂಬಿ, ಒಂದೆರಡು ದಿನ ಬಿಟ್ಟು ಉಳಿದದ್ದು. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ, ಹನಿ ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.

ಈಗ ನಿಮ್ಮ ಪತ್ರ ಓದುವಾಗ ನನ್ನನ್ನು ಹೆಚ್ಚು ಕಾಡಿದ ಸಂಗತಿಗೆ ಬರುತ್ತೇನೆ. ಮಾವ ತೀರಿಕೊಂಡು ಒಂದು ವರ್ಷ. ಮಗ ಭಾನುವಾರ ಒರೆಸುವುದು ಬರೀ ಗಾಜನ್ನಲ್ಲ, ಅಜ್ಜನ ಜೊತೆ ಕೆರೆಯ ದಂಡೆಯಲ್ಲಿ ನಿಂತ ಹೊತ್ತನ್ನು. ನಿಮ್ಮವರು ಆ ತೊಟ್ಟಿ ತಂದದ್ದೂ ತಂದೆಯ ನೆನಪಿಗೇ ಇರಬಹುದು, ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ‘ಏನೂ ಆಗೂದಿಲ್ಲ’ ಎಂಬ ಮಾತಿನ ಹಿಂದೆ ನಿಮ್ಮ ಮೇಲಿನ ತಾತ್ಸಾರವಿಲ್ಲ, ಇದೊಂದು ಕೈತಪ್ಪಿ ಹೋಗದಿರಲಿ ಎಂಬ ಆಸೆ ಇದ್ದೀತು. ಒಂದು ಸಂಜೆ ತೊಟ್ಟಿಯ ಮಾತೆತ್ತದೆ ಮಾವನ ಮಾತೆತ್ತಿ. ಆಮೇಲೆ ಕುಮಾರೇಶ್ವರ ನಗರದ ಆ ದಿನ ನಿಮಗೆ ಹೇಗಿತ್ತು ಎಂಬುದನ್ನೂ ಹೇಳಿ. ಬಹುಶಃ ಅವರಿಗೆ ಅದು ಪೂರ್ತಿ ಗೊತ್ತಿಲ್ಲ.

ಇನ್ನೊಬ್ಬರನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಭಾರ ಬರುವುದು ಅತ್ತೆಯವರ ತಲೆಯ ಮೇಲೆ, ತೀರಿಕೊಂಡವರು ಅವರ ಯಜಮಾನರು. ಅವರ ಮನಸ್ಸಿನಲ್ಲಿ ಏನಿದೆ? ತೊಟ್ಟಿ ಕೆಳಗೆ ಅವರ ಪಡಸಾಲೆಯಲ್ಲೇ ಇರಲಿ ಎಂದರೂ ಎಂದಾರು. ಕೆಳಗೆ ನೀರಿನ ಸಂಪು ಇಲ್ಲದ ಕಡೆ ನೆಲಮಹಡಿಯಲ್ಲಿ ಭಾರದ ಚಿಂತೆ ಅಷ್ಟಿಲ್ಲ, ಮೊಮ್ಮಗ ದಿನಾ ಎರಡು ಸಲ ಮೀನಿಗೆ ಕಾಳು ಹಾಕಲು ಕೆಳಗೆ ಬರುತ್ತಾನೆ. ಅಥವಾ ಮೇಲೆಯೇ ಬೇಕೆಂದರೆ ಎರಡು ಅಡಿಯ ಸಣ್ಣ ತೊಟ್ಟಿ ಸಾಕಾಗಬಹುದು, ಎಲ್ಲ ಸೇರಿ 90 ಕೆಜಿಯ ಒಳಗೇ ಮುಗಿಯುತ್ತದೆ. ಗಪ್ಪಿಯಂಥ ಪುಟ್ಟ ಮೀನುಗಳಿಗೆ ಅಷ್ಟು ಜಾಗ ಧಾರಾಳ.

ನಿಮ್ಮ ವಿಷಯದಲ್ಲಿ ಒಂದು ಗಮನಿಸಿ. ಎಂಜಿನಿಯರ್ ನೋಡಿ ಒಪ್ಪಿದ ಮೇಲೂ ನೀವು ರಾತ್ರಿ ಎದ್ದು ಕೆಳಗೆ ಹೋಗಿ ಚಾವಣಿ ನೋಡುತ್ತಿದ್ದರೆ, ಸದ್ದಾದಾಗಲೆಲ್ಲ ಎದೆ ಡವಗುಟ್ಟಿದರೆ, ಆ ಭಯ ಈಗ ತೊಟ್ಟಿಯದ್ದಲ್ಲ, ಹಳೆಯ ಗಾಯದ್ದು. ಅದಕ್ಕೂ ಆರೈಕೆ ಇದೆ. ನಿಮ್ಮ ಊರಿನಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಮೊದಲ ಸಲ ಯಾರಾದರೂ ಜೊತೆಗೆ ಬರಲಿ ಅನ್ನಿಸಿದರೆ ನಿಮ್ಮವರನ್ನೇ ಕೇಳಿ.

ಎಂಜಿನಿಯರ್ ಬಂದು ನೋಡುವ ತನಕ ಮೇಲಿನ ಹಾಲ್‌ನಲ್ಲಿ ತೊಟ್ಟಿಗೆ ಒಂದು ಕೊಡ ನೀರನ್ನೂ ಹಾಕಬೇಡಿ. ಆ ವಿಷಯದಲ್ಲಿ ನಿಮ್ಮ ಹಟ ಸರಿಯಾದದ್ದೇ, ನನ್ನ ಹೆಸರು ಹೇಳಿಯೇ ಮನೆಯಲ್ಲಿ ತಿಳಿಸಿ. ಅವರು ಬಂದು ಹೋದ ಮೇಲೆ ಏನಾಯಿತೆಂದು ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.