ದೊಡ್ಡಪತ್ರೆ ಸಾಕಾಗುವುದು ಎಲ್ಲಿಯವರೆಗೆ?

ಮಕ್ಕಳೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಹಳ್ಳಿಮನೆಗಳಲ್ಲಿ ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಒಂದು ದೊಡ್ಡಪತ್ರೆ ಗಿಡ ಇರುತ್ತಿತ್ತು. ಮಳೆ ಕೈಕೊಟ್ಟ ವರ್ಷವೂ ಅದು ಸಾಯುತ್ತಿರಲಿಲ್ಲ. ದಪ್ಪ ಎಲೆಯೊಳಗೆ ನೀರು ಹಿಡಿದಿಟ್ಟುಕೊಳ್ಳುವ ಗಿಡ ಅದು, ಪಾತ್ರೆ ತೊಳೆದ ನೀರೇ ಅದಕ್ಕೆ ಸಾಕು. ಪಾವಗಡದ ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಅದನ್ನು ವಾಮಾಕು ಅನ್ನುತ್ತಾರೆ, ಕೆಲವರು ಸಾಂಬ್ರಾಣಿ ಸೊಪ್ಪು ಅನ್ನುತ್ತಾರೆ. ಈಗ ಬಚ್ಚಲಿಗೆ ಟೈಲ್ಸ್ ಬಂದಿದೆ, ಅಂಗಳಕ್ಕೆ ಸಿಮೆಂಟು ಬಿದ್ದಿದೆ. ಗಿಡ ಹೋಯಿತು. ಅದೇ ಎಲೆಯನ್ನು ಅರೆದು ಮುಖಕ್ಕೆ ಹಚ್ಚುವುದು ಹೇಗೆಂದು ನೀವು ಮೊಬೈಲಿನಲ್ಲಿ ನೋಡುತ್ತಿದ್ದೀರಿ. ಅಡುಗೆಮನೆಯ ಕಡೆಗೆ ನೀವು ಮತ್ತೆ ತಿರುಗಿರುವುದು ನನಗೆ ಸಂತೋಷವೇ. ಆದರೆ ನೋಡಿದ್ದನ್ನೆಲ್ಲ ಹಾಗೇ ಚರ್ಮದ ಮೇಲೆ ಪ್ರಯೋಗ ಮಾಡುವುದನ್ನು ಕಂಡು ಭಯವಾಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಹಿರಿಯರು ದೊಡ್ಡಪತ್ರೆಯನ್ನು ಮೊದಲು ಊಟಕ್ಕೆ ಬಳಸುತ್ತಿದ್ದರು. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿ ಸೇರಿಸಿ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬಜ್ಜಿ. ಮಗುವಿಗೆ ನೆಗಡಿಯಾದರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡುತ್ತಿದ್ದರು. ಮೈಮೇಲೆ ಪಿತ್ತದ ಗಂಧೆ ಎದ್ದಾಗ ನಾಲ್ಕೈದು ಎಲೆ ಕಿತ್ತು, ಅಂಗೈಯಲ್ಲಿ ಹಿಸುಕಿ, ಗಂಧೆಯ ಮೇಲೆ ಉಜ್ಜಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದರು. ಇದು ಚರ್ಮವನ್ನು ಬೆಳ್ಳಗೆ ಮಾಡುತ್ತದೆ ಎಂದು ಅವರಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ತುರಿಕೆಗೆ, ಸಣ್ಣಪುಟ್ಟ ಕೀಟ ಕಡಿತಕ್ಕೆ, ಬೆವರುಸಾಲೆಗೆ ಅಂತ ಅದಕ್ಕೊಂದು ಕೆಲಸ ಗೊತ್ತುಮಾಡಿದ್ದರು. ಅದರಾಚೆಗೆ ಅದನ್ನು ಎಳೆಯುತ್ತಿರಲಿಲ್ಲ.

ಎಲೆಯನ್ನು ಮುರಿದರೆ ಓಮದ ವಾಸನೆ ಬರುತ್ತದಲ್ಲ, ಅದಕ್ಕೆ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಎರಡು ಅಂಶಗಳು. ಓಮದಲ್ಲೂ ಥೈಮಾಲ್ ಇದೆ. ಇವು ಕೆಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡಿರುವ ಮಾತು. ಕ್ಯೂಬಾ ಮತ್ತು ಕೆರಿಬಿಯನ್ ದ್ವೀಪಗಳಲ್ಲೂ ಇದೇ ಎಲೆಯನ್ನು ಮಾಂಸದಡುಗೆಗೆ ಹಾಕುತ್ತಾರೆ. ಆದರೆ ಅದೇ ಕಾರ್ವಕ್ರಾಲ್ ಗಾಢವಾದರೆ ಚರ್ಮವನ್ನು ಉರಿಸುತ್ತದೆ. ಒಂದು ಹಿಡಿ ಎಲೆ ಅರೆದು, ದಪ್ಪಗೆ ಬಳಿದು, ಒಣಗಿ ಬಿರಿಯುವ ತನಕ ಬಿಟ್ಟರೆ ಒಳ್ಳೆಯದಾಗುವ ಬದಲು ಮುಖ ಕೆಂಪಾಗುತ್ತದೆ.

ಹಾಗಾಗಿ ಹೀಗೆ ಮಾಡಿ. ಎರಡು ಮೂರು ಎಲೆ ಸಾಕು. ಚೆನ್ನಾಗಿ ತೊಳೆದು ಅರೆದು, ರಸಕ್ಕೆ ಅದರ ಎರಡರಷ್ಟು ಗಟ್ಟಿ ಮೊಸರು ಅಥವಾ ನೀರಲ್ಲಿ ಕಲಸಿದ ಹೆಸರುಹಿಟ್ಟು ಬೆರೆಸಿ. ಮೊದಲ ಸಲ ಮುಖಕ್ಕೆ ಹಚ್ಚಲೇಬೇಡಿ. ಮೊಣಕೈಯ ಒಳಮಗ್ಗುಲಿಗೆ ಒಂದು ಬೊಟ್ಟಿನಷ್ಟು ಹಚ್ಚಿ, ತೊಳೆದು, ಎರಡು ದಿನ ಕಾಯಿರಿ. ತುರಿಕೆ, ಕೆಂಪು, ಉರಿ ಏನೂ ಇಲ್ಲವೆಂದರೆ ಆಮೇಲೆ ಮುಖದ ಮಾತು. ಕಣ್ಣಿನ ಸುತ್ತ ಬೇಡ, ಒಡೆದ ಮೊಡವೆಯ ಮೇಲೆ ಬೇಡ, ಹಸುಗೂಸಿನ ಮೈಗಂತೂ ಬೇಡವೇ ಬೇಡ. ಹತ್ತು ನಿಮಿಷದೊಳಗೆ ತೊಳೆದುಬಿಡಿ. ಉಳಿದದ್ದನ್ನು ಡಬ್ಬಿಯಲ್ಲಿ ಎತ್ತಿಟ್ಟು ವಾರಗಟ್ಟಲೆ ಬಳಸಬೇಡಿ. ನೀರಿನಂಶವಿರುವ ಯಾವುದೇ ಮನೆಮದ್ದಿನಲ್ಲಿ ಕಣ್ಣಿಗೆ ಕಾಣುವ ಬೂಸಲು ಬರುವುದಕ್ಕೂ ಮೊದಲೇ ಕ್ರಿಮಿ ಬೆಳೆದಿರುತ್ತದೆ. ಅಂದಿನದು ಅಂದಿಗೆ ಮುಗಿಯಬೇಕು.

ಇಲ್ಲಿ ನಮ್ಮ ನೀರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ತಾಲ್ಲೂಕುಗಳ ಕೊಳವೆಬಾವಿಗಳ ನೀರು ಗಡಸು. ಹಂಡೆಯೊಳಗೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುವುದನ್ನು ನೀವೇ ನೋಡಿದ್ದೀರಿ. ಪಾವಗಡದ ಕಡೆ ಫ್ಲೋರೈಡಿನ ಕಾಟ ಬೇರೆ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ ಅದು ಕಾಣಿಸಿಕೊಂಡಿದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದ ಜಿಗುಟಾಗುತ್ತವೆ. ನೊರೆ ಬರುವುದಿಲ್ಲ, ನೊರೆ ಬರಲಿ ಎಂದು ಇನ್ನಷ್ಟು ಸೋಪು ಉಜ್ಜುತ್ತೀರಿ, ಜಿಗುಟು ಚರ್ಮದ ಮೇಲೇ ಉಳಿಯುತ್ತದೆ. ಕೈಕಾಲು ಬಿಳಿಚಿ ಬಿರಿಯುವುದಕ್ಕೆ, ಮೈ ನವೆಯಾಗುವುದಕ್ಕೆ ಎಷ್ಟೋ ಸಲ ಇದೂ ಒಂದು ಕಾರಣ.

ನಮ್ಮಜ್ಜಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಈ ನೀರು ಚೆನ್ನಾಗಿ ಗೊತ್ತಿತ್ತು. ತಲೆಗೆ ಹರಳೆಣ್ಣೆ ಇಟ್ಟು, ಸೀಗೆಪುಡಿ ಹಾಕಿ ತೊಳೆಯುತ್ತಿದ್ದರು. ಸೀಗೆ, ಅಂಟುವಾಳ ಎರಡರಲ್ಲೂ ಇರುವ ಸಪೋನಿನ್ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ, ಸೋಪಿನಂತೆ ಜಿಗುಟು ಕಟ್ಟುವುದಿಲ್ಲ. ಎಣ್ಣೆ ಬಿಡಿಸಲು ನಮ್ಮ ಕುರುಚಲು ಕಾಡಿನ ತುಗ್ಗಲಿ ಮರದ ಎಲೆ ಒಣಗಿಸಿ ಕುಟ್ಟಿದ ಚಿಗರೆಪುಡಿಯೂ ಇತ್ತು. ಮೈಗೆ ಹೆಸರುಹಿಟ್ಟು, ಕಡಲೆಹಿಟ್ಟು. ಇವೆಲ್ಲ ಬಡತನಕ್ಕೆ ಮಾಡಿಕೊಂಡ ಉಪಾಯಗಳೆಂದು ನಮ್ಮ ತಲೆಮಾರೇ ಬಿಟ್ಟುಬಿಟ್ಟಿತು. ಈ ನೆಲದ ನೀರಿಗೆ ಹೊಂದುವ ತಿಳಿವಳಿಕೆ ಅದಾಗಿತ್ತು. ಸೋಪು ಬಿಡಿ ಎನ್ನುತ್ತಿಲ್ಲ. ಕಂಕುಳು, ಕೈ, ಕಾಲಿಗೆ ಸೋಪಿರಲಿ, ಉಳಿದ ಮೈಗೆ ವಾರದಲ್ಲಿ ಕೆಲವು ದಿನವಾದರೂ ಹೆಸರುಹಿಟ್ಟು ಹಾಕಿ ನೋಡಿ. ಸ್ನಾನವಾದ ಮೇಲೆ ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿಕೊಳ್ಳಿ. ಎಷ್ಟೋ ಮಂದಿಯ ತುರಿಕೆ ಇಷ್ಟಕ್ಕೇ ತಗ್ಗುತ್ತದೆ.

ಈಗ ನನಗೆ ಹೆಚ್ಚು ಭಯ ಹುಟ್ಟಿಸುವ ವಿಷಯ. ದೊಡ್ಡಪತ್ರೆಯ ಜೊತೆ ನಿಂಬೆರಸ ಸೇರಿಸಿ, ಅಡುಗೆ ಸೋಡಾ ಸೇರಿಸಿ, ಮೊಡವೆಗೆ ಟೂತ್‌ಪೇಸ್ಟ್ ಇಡಿ ಎಂದು ಮೊಬೈಲಿನಲ್ಲಿ ಹೇಳುತ್ತಾರೆ. ಆರೋಗ್ಯವಂತ ಚರ್ಮ ಸ್ವಲ್ಪ ಹುಳಿಯ ಗುಣದ್ದು, ಸೋಡಾ ಕ್ಷಾರ. ದಿನವೂ ಉಜ್ಜಿದರೆ ಚರ್ಮದ ಕಾವಲು ಪದರವೇ ಸವೆಯುತ್ತದೆ. ನಿಂಬೆ ಇನ್ನೂ ಅಪಾಯ. ಅದರ ಸಿಪ್ಪೆ, ರಸದಲ್ಲಿರುವ ಸೊರಾಲೆನ್ ಜಾತಿಯ ಅಂಶ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಆಮೇಲೆ ಉಳಿಯುವ ಕಪ್ಪು ಕಲೆ ಮಾಯಲು ತಿಂಗಳುಗಳೇ ಬೇಕು. ನಮ್ಮದು ಎಂಥ ಬಿಸಿಲು ಯೋಚಿಸಿ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಉತ್ಪಾದಿಸುವುದು ಈ ಬಿಸಿಲನ್ನು ನಂಬಿಯೇ. ಅಂಥ ಬಿಸಿಲಿಗೆ ನಿಂಬೆ ಹಚ್ಚಿದ ಮುಖ ಒಡ್ಡಿ ಬಸ್ಸಿಗೆ ಕಾಯುತ್ತಾ ನಿಲ್ಲಬೇಡಿ. ತಲೆಗೆ ಸೆರಗೋ ದುಪಟ್ಟಾನೋ ಟವೆಲ್ಲೋ ಹೊದ್ದು ಹೊಲಕ್ಕೆ ಹೋಗುತ್ತಿದ್ದ ಅಭ್ಯಾಸವನ್ನು ಮತ್ತೆ ಹಿಡಿಯಿರಿ, ಚರ್ಮಕ್ಕೆ ಅದು ಮಾಡುವ ಉಪಕಾರ ಯಾವ ಲೇಪದಿಂದಲೂ ಆಗದು.

ಇನ್ನೊಂದು ಮಾತು. ರಜೆಯಲ್ಲಿ ಸಿದ್ದರಬೆಟ್ಟ ಹತ್ತುವ ಹುಡುಗರು ಅಲ್ಲಿಯ ಗಿಡಮೂಲಿಕೆಯ ಹೆಸರು ಕೇಳಿ ಬೇರುಸಹಿತ ಕಿತ್ತು ತರುತ್ತಾರೆ. ದಯವಿಟ್ಟು ಬೇಡ. ಗುರುತು ತಪ್ಪಿದ ಸೊಪ್ಪು ವಿಷವೂ ಆಗಬಹುದು, ಬೆಟ್ಟವೂ ಬರಿದಾಗುತ್ತದೆ. ದೊಡ್ಡಪತ್ರೆಗೆ ಕಾಡು ಬೇಕಿಲ್ಲ. ನೆರೆಮನೆಯಿಂದ ಒಂದು ಕಡ್ಡಿ ಮುರಿದು ತಂದು ಒಡೆದ ಬಕೆಟ್ಟಿನ ಮಣ್ಣಿಗೆ ಸಿಕ್ಕಿಸಿದರೆ ಚಿಗುರುತ್ತದೆ.

ಹೆಣ್ಣುಮಕ್ಕಳೇ, ಈ ಮಾತು ಮುಖ್ಯವಾಗಿ ನಿಮಗೆ. ಹುಡುಗಿ ಕಪ್ಪು ಎಂದು ಹೇಳಿ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದ ಗಂಡಿನ ಕಡೆಯವರನ್ನು ನಾವು ನೋಡಿದ್ದೇವೆ. ಆ ಅವಮಾನ ನುಂಗಿದ ಹೆಂಗಸರು ಇವತ್ತು ಅಜ್ಜಿಯರಾಗಿದ್ದಾರೆ. 1975ರಿಂದ ಬಿಳುಪಿನ ಹೆಸರಿನಲ್ಲೇ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆಯಿತು. ಮಾರುವವರೇ ಬಿಟ್ಟ ಆಸೆಯನ್ನು ನೀವು ಹಿಡಿದುಕೊಂಡಿರಬೇಡಿ. ನಿಮ್ಮ ಬಣ್ಣ ರೋಗವಲ್ಲ. ಅದಕ್ಕೆ ದೊಡ್ಡಪತ್ರೆಯಲ್ಲೂ ಮದ್ದಿಲ್ಲ, ಬೇರೆಲ್ಲೂ ಮದ್ದು ಬೇಕಾಗಿಲ್ಲ.

ಎಲೆಯಿಂದ ಬೆಳ್ಳಗಾಗಲಿಲ್ಲ ಎಂದು ಬೇಸತ್ತವರು ಆಮೇಲೆ ಮೆಡಿಕಲ್ ಶಾಪಿಗೆ ಹೋಗಿ 'ಒಳ್ಳೇ ಕ್ರೀಮ್ ಕೊಡಿ' ಎನ್ನುತ್ತಾರೆ. ಹಾಗೆ ಕೈಗೆ ಬರುವ ಎಷ್ಟೋ ಟ್ಯೂಬುಗಳಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಬೆಳೆಯುತ್ತದೆ, ಬಿಟ್ಟರೆ ಬೆಂಕಿಯಂತೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ತಯಾರಕರ ವಿಳಾಸವೇ ಇಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸವಿರುವ ಅಪಾಯ ಬೇರೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥ ಕ್ರೀಮ್ ಹಚ್ಚಿದವರ ಮೂತ್ರಪಿಂಡಕ್ಕೇ ಪೆಟ್ಟು ಬಿದ್ದದ್ದನ್ನು ವೈದ್ಯರು ಪತ್ತೆಹಚ್ಚಿದರು. ನಿಮ್ಮ ಮನೆಯಲ್ಲಿರುವ ಟ್ಯೂಬನ್ನು ಇವತ್ತೇ ತೆಗೆದು ಅದರ ಮೇಲಿನ ಸಣ್ಣ ಅಕ್ಷರ ಓದಿ. ಸ್ಟೀರಾಯ್ಡ್ ಎಂದು ಕಂಡರೆ, ಬಹುಕಾಲದಿಂದ ಹಚ್ಚುತ್ತಿದ್ದರೆ, ಒಮ್ಮೆಲೇ ನಿಲ್ಲಿಸುವ ಮುಂಚೆ ಚರ್ಮವೈದ್ಯರನ್ನು ಕೇಳಿ.

ಯಾವಾಗ ಎಲೆಯನ್ನು ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು ಎಂಬುದನ್ನೂ ತಿಳಿದಿರಿ. ಗಂಧೆಯ ಜೊತೆ ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದ ಹಾಗಾದರೆ ಒಂದು ನಿಮಿಷವೂ ಉಜ್ಜುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಗಂಧೆ ಆರು ವಾರ ಮೀರಿ ಬಂದು ಹೋಗಿ ಮಾಡುತ್ತಿದ್ದರೆ ವೈದ್ಯರಿಗೆ ತೋರಿಸಿ. ತೊಡೆಸಂದಿಯಲ್ಲಿ, ಸೊಂಟದಲ್ಲಿ ಉಂಗುರದ ಹಾಗೆ ಹರಡುವ ಹುಳುಕಡ್ಡಿ ಎಲೆರಸಕ್ಕೆ ಹೋಗುವುದಿಲ್ಲ. ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ಮೇಲೆ ವಾಸಿಯಾದಂತೆ ಕಂಡು ಒಳಗೇ ಹಬ್ಬುತ್ತದೆ, ಮನೆಮಂದಿಗೆಲ್ಲ ಅಂಟುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮೈಮೇಲೆ ತಿಳಿಬಣ್ಣದ ಮಚ್ಚೆ ಕಂಡು, ಅಲ್ಲಿ ಮುಟ್ಟಿದರೂ ಚುಚ್ಚಿದರೂ ಗೊತ್ತಾಗದಿದ್ದರೆ ಅದನ್ನು ಅರಿಶಿನ, ಪತ್ರೆಯ ಕೆಳಗೆ ಮುಚ್ಚಿಡಬೇಡಿ. ಅದು ಕುಷ್ಠದ ಗುರುತಿರಬಹುದು. ಒಂದು ಕಾಲಕ್ಕೆ ಅಂಥ ಮಚ್ಚೆಯಿದ್ದವರನ್ನು ಊರಾಚೆ ಇಡುತ್ತಿದ್ದರು, ಆ ಹೆದರಿಕೆಗೆ ಜನ ಬಚ್ಚಿಟ್ಟು ಬಚ್ಚಿಟ್ಟು ಬೆರಳು ಕಳೆದುಕೊಂಡರು. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮದ ಸ್ವಾಮಿ ಜಪಾನಂದರು ದಶಕಗಳ ಕಾಲ ನಮ್ಮ ಹಳ್ಳಿಗಳಲ್ಲಿ ಈ ರೋಗದ ಜೊತೆಗೂ ಈ ಹೆದರಿಕೆಯ ಜೊತೆಗೂ ಸೆಣಸಿದ್ದಾರೆ. ಈಗ ಅದಕ್ಕೆ ಖಚಿತವಾದ ಔಷಧವಿದೆ. ರೋಗದ ಪ್ರಮಾಣ ನೋಡಿ ಆರು ತಿಂಗಳೋ ಹನ್ನೆರಡು ತಿಂಗಳೋ ಮಾತ್ರೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ. ಆ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಮ್ಮ ಮೈಮೇಲಾಗಲಿ, ಮನೆಯ ಹಿರಿಯರ ಮೈಮೇಲಾಗಲಿ ಅಂಥ ಮಚ್ಚೆ ಕಂಡಿದ್ದರೆ ನಾಳೆಯೇ ಕರೆದುಕೊಂಡು ಹೋಗಿ ತೋರಿಸಿ.